ಮುತ್ತಜ್ಜನ ಜೋಡಿನಳಿಗೆ ಕೋವಿ: ತಟ್ಟೆಯ ಕೆತ್ತನೆ, ಮರದ ಮೇಲಿನ ಮೂರಕ್ಷರ. ತಿಳಿದವರು ಹೇಳಿ

ಸದಾಶಿವಗಡದ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ಕಾಳಿ ಹೊಳೆಯ ಆಚೆ ದಂಡೆ, ಸದಾಶಿವಗಡದ ಬುಡದಲ್ಲಿ. ಮನೆಯಲ್ಲಿ ಹನ್ನೆರಡು ಬೋರಿನ ಜೋಡಿನಳಿಗೆ ಕೋವಿ ಒಂದಿದೆ. ಮುತ್ತಜ್ಜ ಮರಾಠಾ ಪಲ್ಟನ್ನಿನಲ್ಲಿ ಸುಬೇದಾರ್ ಆಗಿದ್ದವರು. ಅವರಿಂದ ಅಜ್ಜನಿಗೆ, ಅಜ್ಜನಿಂದ ಅಪ್ಪನಿಗೆ ಬಂತು. ಲೈಸೆನ್ಸ್ ಅಪ್ಪನ ಹೆಸರಲ್ಲಿದೆ, ಚಾಲ್ತಿಯಲ್ಲಿದೆ. ಅಪ್ಪನಿಗೆ ಈಗ 74. ಇನ್ನು ನನ್ನ ಹೆಸರಿಗೆ ಮಾಡಿಕೊ ಅಂತಿದ್ದಾರೆ. ಬೆಂಗಳೂರಲ್ಲಿರುವ ತಮ್ಮ ಮಾತ್ರ, ಹೊಡೆಯೋಕಾಗದ ಕೋವಿಗೆ ಇಷ್ಟು ಓಡಾಟ ಯಾಕೆ, ಮಾರಿಬಿಡಿ, ಇಲ್ಲಾ ನಳಿಗೆಗೆ ವೆಲ್ಡಿಂಗ್ ಮಾಡಿಸಿ ಗೋಡೆಗೆ ತೂಗುಹಾಕಿ ಅಂತಾನೆ.

ಕೋವಿ ಹೇಗಿದೆ ಅಂತ ಹೇಳ್ತೀನಿ. ಹೊರಗೆ ಕಾಣೋ ಎರಡು ಕುದುರೆ, ಅಂದರೆ ತೋಟಾ ಸಿಡಿಸೋಕೆ ಬಡಿಯೋ ಸುತ್ತಿಗೆ, ಇವೆ. ನಳಿಗೆ ಒಂದೇ ಬಣ್ಣ ಇಲ್ಲ, ಮೈತುಂಬ ಸಣ್ಣ ಸಣ್ಣ ಸುರುಳಿ ಗೆರೆ. ಇಳಿತದ ಹೊತ್ತಿಗೆ ಕಾಳಿ ಅಳಿವೆಯಲ್ಲಿ ನೀರು ಹಿಂದೆ ಸರಿದ ಮೇಲೆ ಮರಳಲ್ಲಿ ಗೆರೆ ಉಳಿಯುತ್ತಲ್ಲ, ಹಾಗೇ. ಕುದುರೆಯ ಬುಡದಲ್ಲಿ ಎರಡೂ ಪಕ್ಕ ಲೋಹದ ತಟ್ಟೆ. ಬಲಗಡೆ ತಟ್ಟೆಯ ಮೇಲೆ ಹುಲ್ಲಿನ ನಡುವೆ ಮೂಗು ಚಾಚಿ ನಿಂತ ನಾಯಿ. ಎಡಗಡೆ ಉದ್ದ ಬಾಲದ ಎರಡು ಹಕ್ಕಿ. ನಮ್ಮಜ್ಜಿ ಅವನ್ನ ಕಾಡುಕೋಳಿ ಅಂತಲೇ ಕರೀತಿದ್ದರು. ಸುತ್ತ ಬಳ್ಳಿ, ಹೂವು. ಆ ಬಳ್ಳಿಯ ಗೆರೆಗಳಲ್ಲೆಲ್ಲ ಕೆಂಪು ಕೂತಿದೆ. ವರ್ಷಾ ವರ್ಷ ಆಯುಧ ಪೂಜೆಯ ದಿನ ಹಚ್ಚಿದ ಕುಂಕುಮ ಅದು. ಹಿಡಿಯ ಮರದ ಅಡಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಬೆಳ್ಳಿಯ ಬಿಲ್ಲೆ, ಅದರಲ್ಲಿ ಒಂದಕ್ಕೊಂದು ಹೆಣೆದ ಮೂರು ಇಂಗ್ಲಿಷ್ ಅಕ್ಷರ. ನಮ್ಮ ಮನೆಯವರ ಯಾರ ಹೆಸರಿಗೂ ಅದು ಹೊಂದೋದಿಲ್ಲ.

2024ರ ಲೋಕಸಭೆ ಚುನಾವಣೆಗೆ ಎಲ್ಲರ ಹಾಗೆ ಅಪ್ಪನೂ ಕೋವಿ ಜಮಾ ಮಾಡಿದ್ದರು. ಮೇ 7ಕ್ಕೆ ಮತದಾನ, ಎಣಿಕೆ ಮುಗಿದ ಮೇಲೆ ವಾಪಸ್ ಸಿಕ್ಕಿತು. ತಂದು ಬಿಚ್ಚಿ ನೋಡಿದರೆ ಬಲನಳಿಗೆಯ ಮೇಲೆ ಮೂರು ಕಡೆ ತುಕ್ಕಿನ ಚುಕ್ಕೆ. ಅಪ್ಪ ಅವತ್ತು ಊಟ ಮಾಡಲಿಲ್ಲ. ಎಲ್ಲಿ ಇಟ್ಟಿದ್ದರು ಅನ್ನೋದು ಇಲ್ಲಿ ಬೇಡ.

ಮುತ್ತಜ್ಜ ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿದ್ದರು (ಈಗಿನ ಇರಾಕ್), ಅಲ್ಲಿನ ಕೂತ್ ಊರಿಗೆ ತುರ್ಕರು ಹಾಕಿದ ಮುತ್ತಿಗೆಯಲ್ಲಿ ಒಬ್ಬ ಸಾಹೇಬನ ಜೀವ ಉಳಿಸಿದರು, ಅವನು ಅಲ್ಲೇ ಈ ಕೋವಿ ಕೊಟ್ಟ ಅನ್ನೋದು ನಾವು ಚಿಕ್ಕಂದಿನಿಂದ ಕೇಳಿದ ಮಾತು. ಇದು ನಿಜ ಆಗಿರಬಹುದಾ? ಕೋವಿ ಎಷ್ಟು ಹಳೇದು? ತುಕ್ಕು ಹೇಗೆ ತೆಗೀಬೇಕು? ನನ್ನ ಹೆಸರಿಗೆ ಮಾಡಿಸೋದು ಹೇಗೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ನಳಿಗೆ ಮತ್ತು ಮರ (ಶಿರಸಿ)

ಚಿಕ್ಕಪ್ಪನ ಲೈಸೆನ್ಸುದಾರ ಕೋವಿ ರಿಪೇರಿ ಅಂಗಡಿಯಲ್ಲಿ ಮೂವತ್ತು ವರ್ಷ ಕೂತವನು ನಾನು. ನಿಮ್ಮ ವರ್ಣನೆ ಓದಿ ತುಂಬ ಖುಷಿಯಾಯ್ತು. ದಯವಿಟ್ಟು ಸ್ಯಾಂಡ್‌ಪೇಪರ್, ಹಿತ್ತಾಳೆ ಹೊಳಪಿಸುವ ಪುಡಿ, ಹುಣಸೆಹಣ್ಣು ಯಾವುದನ್ನೂ ಇನ್ನೂ ಮುಟ್ಟಬೇಡಿ. ಮೊದಲು ಕೋವಿ ಏನು ಹೇಳ್ತದೆ ಕೇಳೋಣ.

ತಂದೆಯವರ ಎದುರಲ್ಲೇ ಮಾಡಿ. ಮೇಲಿನ ಅಥವಾ ಅಡಿಯ ಸನ್ನೆ ತಿರುಗಿಸಿ ಕೋವಿ ಮಡಚಿ, ಎರಡೂ ಕಡೆ ತೋಟಾ ಇಲ್ಲ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡಿ. ಆಮೇಲೆ ನಳಿಗೆ ಕೆಳಗಿನ ಚಿಕ್ಕ ಮರ ಬಿಚ್ಚಿದರೆ ನಳಿಗೆಗಳು ಕೈಗೆ ಬರ್ತವೆ. ಹಿಂಬದಿಯಲ್ಲಿ, ನಳಿಗೆಯ ಹೊಟ್ಟೆಯ ಚಪ್ಪಟೆ ಜಾಗದಲ್ಲಿ ಸಣ್ಣ ಸಣ್ಣ ಮುದ್ರೆಗಳಿರ್ತವೆ. ಅವು ಏನೇನು, ಹಾಗೇ ಬರೆದು ಹಾಕಿ. ಎರಡು ನಳಿಗೆ ನಡುವಿನ ಪಟ್ಟಿಯ ಮೇಲೆ ಅಂಗಡಿ ಹೆಸರು ಇದ್ದರೆ ಅದನ್ನೂ. ನಂಬರು ಮಾತ್ರ ಇಲ್ಲಿ ಹಾಕಬೇಡಿ, ಅದು ನಿಮ್ಮ ಲೈಸೆನ್ಸಿನದು.

ಅಂಕೋಲೆ ಅಳಿವೆ

ಕುಂಕುಮದ ವಿಷಯ ಓದಿ ನಮ್ಮಜ್ಜಿ ನೆನಪಾದರು. ನಮ್ಮನೆಯಲ್ಲಿ ಕೋವಿ ಇರಲಿಲ್ಲ. ಅಡಕೆ ಕತ್ತರಿ, ಕತ್ತಿ, ದೋಣಿಯ ಹುಟ್ಟು, ಎಲ್ಲಕ್ಕೂ ಹೀಗೇ ಹಚ್ಚೋರು. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಇದ್ದರೆ ಈ ವಾರವೇ ಕೂತು ಕೇಳಿಕೊಳ್ಳಿ ಅಣ್ಣಾ. ನಾವು ಅಜ್ಜಿಯನ್ನ ಕೇಳೋಣ ಕೇಳೋಣ ಅಂತಲೇ ಕಳಕೊಂಡ್ವಿ.

ಸದಾಶಿವಗಡದ ಮೊಮ್ಮಗ

ಅಪ್ಪನ ಜೊತೆ ಕೂತು ಬಿಚ್ಚಿದೆ. ಕನ್ನಡಿ ಮತ್ತು ಮೊಬೈಲ್ ಬೆಳಕು ಹಿಡಿದು ಓದಿದ್ದು:

ನಡುಪಟ್ಟಿಯ ಮೇಲೆ ‘ಆರ್ಮಿ ಅಂಡ್ ನೇವಿ ಸಿ.ಎಸ್.ಎಲ್., 105 ವಿಕ್ಟೋರಿಯಾ ಸ್ಟ್ರೀಟ್, ವೆಸ್ಟ್‌ಮಿನ್‌ಸ್ಟರ್’ ಅಂತ ಇದೆ. ಹೊಟ್ಟೆಯ ಕಡೆ, ಒಂದರ ಮೇಲೊಂದು ಅಡ್ಡವಿಟ್ಟ ಎರಡು ರಾಜದಂಡ, ಮೇಲೆ ಕಿರೀಟ, ಸಂದುಗಳಲ್ಲಿ ಬಿ, ಸಿ, ಪಿ ಅಕ್ಷರ. ಅಂಥದೇ ಇನ್ನೊಂದರಲ್ಲಿ ವಿ. ಎರಡೂ ನಳಿಗೆಯ ಮೇಲೆ 12. ಎಡನಳಿಗೆಯ ಮೇಲೆ ಮಾತ್ರ ‘ನಾಟ್ ಫಾರ್ ಬಾಲ್’ ಅಂತ ಬರೆದಿದೆ. ಇದರ ಅರ್ಥ ಅಪ್ಪನಿಗೂ ಗೊತ್ತಿಲ್ಲ.

ನಳಿಗೆ ಮತ್ತು ಮರ (ಶಿರಸಿ)

ಬಹಳ ಚೆನ್ನಾಗಿ ಓದಿದ್ದೀರಿ. ಒಂದೊಂದಾಗಿ ಹೇಳ್ತೇನೆ.

ರಾಜದಂಡದ ಮುದ್ರೆ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್‌ನದು. ಇಂಗ್ಲೆಂಡಿನಲ್ಲಿ ಮಾರೋ ಮೊದಲು ಪ್ರತಿ ಕೋವಿಗೂ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹೊಡೆದು ಪರೀಕ್ಷೆ ಮಾಡಬೇಕಿತ್ತು. ತಡೆದರೆ ಮುದ್ರೆ, ಒಡೆದರೆ ಗುಜರಿ. ಲಂಡನ್ನಿನಲ್ಲಿ ಒಂದು ಪರೀಕ್ಷಾ ಮನೆ, 1813ರಿಂದ ಬರ್ಮಿಂಗ್‌ಹ್ಯಾಮಿನಲ್ಲಿ ಇನ್ನೊಂದು. ಈ ರಾಜದಂಡದ ಗುರುತು 1904ರವರೆಗೆ ನಡೆಯಿತು, ಆಮೇಲೆ ಬದಲಾಯಿತು. ಅಲ್ಲಿಗೆ ನಿಮ್ಮ ಕೋವಿ 1904ಕ್ಕಿಂತ ಹಿಂದಿನದು.

ಇನ್ನೂ ಬಿಗಿಯಾಗಿ ಹೇಳೋಕೆ ‘ನಾಟ್ ಫಾರ್ ಬಾಲ್’ ಸಹಾಯ ಮಾಡ್ತದೆ. ಎಡನಳಿಗೆಯ ಬಾಯಿ ಸ್ವಲ್ಪ ಕಿರಿದು, ಅದಕ್ಕೆ ಚೋಕ್ ಅಂತಾರೆ. ಚರೆ ಚದುರದೆ ದೂರ ಒಟ್ಟಾಗಿ ಹೋಗಲಿ ಅಂತ ಹಾಗೆ ಮಾಡೋದು. ಅದರಲ್ಲಿ ಒಂಟಿ ಗುಂಡು ಹಾಕಿ ಹೊಡೆದರೆ ಬಾಯಿ ಸೀಳಬಹುದು. ಗುಂಡಿಗಲ್ಲ, ಚರೆಗೆ ಮಾತ್ರ ಅನ್ನೋ ಎಚ್ಚರಿಕೆ ಅದು. ಈ ಮಾತನ್ನ ಮುದ್ರೆಯಾಗಿ ಒತ್ತುತ್ತಿದ್ದದ್ದು 1875ರಿಂದ 1887ರವರೆಗೆ ಮಾತ್ರ, ನಂತರ ‘ಚೋಕ್’ ಅನ್ನೋ ಪದವೇ ಬಂತು. ಹಾಗಾಗಿ ನಿಮ್ಮ ಕೋವಿ ಆ ಹನ್ನೆರಡು ವರ್ಷದೊಳಗೆ ಹುಟ್ಟಿದ್ದು.

ಅಂಗಡಿ ಹೆಸರಿನ ಬಗ್ಗೆ. ಆರ್ಮಿ ಅಂಡ್ ನೇವಿ ಅಂದರೆ ಇಂಗ್ಲೆಂಡಿನ ಸೇನಾಧಿಕಾರಿಗಳು 1871ರಲ್ಲಿ ತಮ್ಮವರಿಗಾಗಿ ಕಟ್ಟಿಕೊಂಡ ಸಹಕಾರಿ ಸಂಘ. ನಮ್ಮ ಸೊಸೈಟಿ ಇದ್ದ ಹಾಗೆ, ಸದಸ್ಯರಿಗೆ ರೇಟು ಕಡಿಮೆ. ಸಾಬೂನಿನಿಂದ ಡೇರೆಯವರೆಗೆ ಎಲ್ಲ ಅಲ್ಲಿ ಸಿಗ್ತಿತ್ತು. ಕೋವಿಗಳನ್ನ ಬರ್ಮಿಂಗ್‌ಹ್ಯಾಮಿನ ಕಸುಬುದಾರರಿಂದ ಮಾಡಿಸಿ ತಮ್ಮ ಹೆಸರು ಹಾಕಿ ಮಾರೋರು. ಬೊಂಬಾಯಿಯಲ್ಲಿ ಅವರ ಮಳಿಗೆ ಶುರುವಾಗಿದ್ದು 1891ರಲ್ಲಿ, ನಿಮ್ಮದು ಅದಕ್ಕೂ ಹಿಂದಿನದು. ವಿಲಾಯತಿಯಲ್ಲೇ ಕೊಂಡು, ಪೆಟ್ಟಿಗೆಯಲ್ಲಿಟ್ಟು ಹಡಗು ಹತ್ತಿಸಿದ ಕೋವಿ ಇರಬೇಕು. ಆ ಸಂಘದ ಕೋವಿ ರಿಜಿಸ್ಟರುಗಳು ಗ್ಲಾಸ್ಗೋ ವಿಶ್ವವಿದ್ಯಾಲಯದ ದಾಖಲೆ ಸಂಗ್ರಹದಲ್ಲಿವೆ. ನಂಬರು ಕೊಟ್ಟು ಪತ್ರ ಬರೆದು ಕೇಳಬಹುದು.

ಇನ್ನು ಆ ಮರಳಿನ ಗೆರೆ. ಅದು ಬಣ್ಣ ಅಲ್ಲ, ನಳಿಗೆಯ ಒಡಲೇ ಹಾಗೆ. ಡಮಾಸ್ಕಸ್ ಅಂತಾರೆ. ಕಬ್ಬಿಣದ ಮತ್ತು ಉಕ್ಕಿನ ಸಣ್ಣ ಸಲಾಕೆಗಳನ್ನ ಒಟ್ಟಿಗೆ ಕಾಸಿ, ಹಗ್ಗ ಹೊಸೆದ ಹಾಗೆ ಹೊಸೆದು, ಅಂಥ ಎರಡು ಮೂರನ್ನ ಜೋಡಿಸಿ ಪಟ್ಟಿ ಮಾಡಿ, ಆ ಪಟ್ಟಿಯನ್ನ ಕಬ್ಬಿಣದ ಕೋಲಿಗೆ ಸುತ್ತಿ ಸುತ್ತಿ ಬಡಿದು ಬೆಸೀತಿದ್ದರು. ಕೊನೆಗೆ ಹುಳಿಯಲ್ಲಿ ನೆನೆಸಿದಾಗ ಕಬ್ಬಿಣ ಒಂದು ಬಣ್ಣ, ಉಕ್ಕು ಒಂದು ಬಣ್ಣ ತಿರುಗಿ ಸುರುಳಿ ಎದ್ದು ಬರ್ತದೆ. ಒಂದು ಜೊತೆ ನಳಿಗೆಗೆ ಎಷ್ಟು ದಿನದ ಬೆವರೋ! ಮೇಲೆ ಸ್ಯಾಂಡ್‌ಪೇಪರ್ ಆಡಿಸಿದರೆ ಆ ಸುರುಳಿ ಮಾಯ. ಅದಕ್ಕೇ ಮೊದಲ ಸಾಲಲ್ಲೇ ಕೈ ಮುಗಿದು ಬೇಡ ಅಂದದ್ದು.

ಹಕ್ಕಿ ಬಹುಶಃ ಅವರ ದೇಶದ ಫೆಸೆಂಟ್. ಆದರೆ ಅದೂ ನಮ್ಮ ಕಾಡುಕೋಳಿಯ ಕುಲದ್ದೇ, ನಿಮ್ಮಜ್ಜಿ ಹೇಳಿದ್ದು ತಪ್ಪಲ್ಲ.

ನಿವೃತ್ತ ಹವಾಲ್ದಾರ, ಹಳಿಯಾಳ

ನಮಸ್ಕಾರ್ರೀ. ನಾನೂ ಮರಾಠಾ ಲೈಟ್ ಇನ್‌ಫಂಟ್ರಿಯವ, ಬೆಳಗಾವಿ ಸೆಂಟರ್‌ನ್ಯಾಗ ತಯಾರಾದವ. ನಿಮ್ಮ ಮುತ್ತಜ್ಜಾರ ಪಲ್ಟನ್ ನಂಬರ್ ಗೊತ್ತೇನ್ರಿ? ಕೂತ್‌ನ್ಯಾಗ ಮರಾಠಾ ಪಲ್ಟನ್ ಮೂರು ಇದ್ವು: 103, 110, 117.

ಒಂದ್ ಮಾತು ಹೇಳ್ತೇನಿ, ಮನಸಿಗೆ ಹಚ್ಕೋಬ್ಯಾಡ್ರಿ. ಕೂತ್ ಮುತ್ತಿಗಿ 1915ರ ಡಿಸೆಂಬರ್ 7ಕ್ಕ ಶುರು ಆತು, 1916ರ ಏಪ್ರಿಲ್ 29ಕ್ಕ ಶರಣಾಗತಿ. ಹತ್ರ ಹತ್ರ ಐದು ತಿಂಗಳು. ಹಿಟ್ಟು ಮುಗೀತು, ಕುದರಿ ಕೊಯ್ದು ತಿನ್ನೂ ಹೊತ್ತು ಬಂತು. ನಮ್ಮ ಜವಾನರು ಭಾಳ ದಿನ ಅದನ್ನ ಮುಟ್ಟಲಿಲ್ಲ, ಉಪಾಸ ಬಿದ್ದರು. ಶರಣಾಗೂ ಮೊದಲು ತೋಪು, ಬಂದೂಕು ಎಲ್ಲಾ ಒಡದು, ಟೈಗ್ರಿಸ್ ಹೊಳಿಗೆ ಹಾಕಿ ನಾಶ ಮಾಡಿದ್ರು. ಕೈದಿ ಆದವರನ್ನ ಮರಳುಗಾಡಿನ್ಯಾಗ ನಡಸಿಕೊಂಡು ಒಯ್ದ್ರು. ನಮ್ಮವರನ್ನ ರಾಸ್-ಅಲ್-ಐನ್ ಕಡೆ ರೈಲ್ವೆ ಕೆಲಸಕ್ಕ ಹಚ್ಚಿದ್ರು. ಆಫೀಸರ್‌ಗಳನ್ನ ಬ್ಯಾರೆ ಮಾಡಿ ಅನಾಟೋಲಿಯಾಕ್ಕ ಕಳಿಸಿದ್ರು. ಅಂಥಾದ್ರಾಗ ಒಂದು ಶಿಕಾರಿ ಬಂದೂಕು, ಕೆತ್ತನಿ ಬಂದೂಕು, ಕೈದಿಯ ಕೈಯಾಗ ಕಾರವಾರ ಮುಟ್ಟೂದು ಆಗದ ಮಾತ್ರಿ. ಸಾಹೇಬ ಕೊಟ್ಟಿರಬಹುದು. ಆದ್ರ ಅಲ್ಲಿ ಅಲ್ಲ, ಆವಾಗ ಅಲ್ಲ.

ಸದಾಶಿವಗಡದ ಮೊಮ್ಮಗ

ಹವಾಲ್ದಾರ್ ಸಾಹೇಬರೇ, ನಿಮ್ಮ ಮಾತು ಓದಿ ಎರಡು ದಿನ ಇಲ್ಲಿಗೆ ಬರೋ ಮನಸ್ಸಾಗಲಿಲ್ಲ. ಸಿಟ್ಟಿನಿಂದಲ್ಲ. ನಲವತ್ತು ವರ್ಷ ನಂಬಿದ ಕಥೆ, ನನ್ನ ಮಗಳಿಗೂ ನಾನೇ ಹೇಳಿದ ಕಥೆ. ಆದರೆ ನೀವು ಹೇಳಿದ್ದು ಸರಿ ಅಂತ ಒಳಗೆ ಗೊತ್ತಾಯ್ತು. ಪಲ್ಟನ್ 110 ಅಂತ ಅಪ್ಪ ಹೇಳಿದರು. ಕೈದಿಯಾಗಿದ್ದದ್ದೂ ಹೌದು.

ಮಾಜಾಳಿಯಲ್ಲಿ ಅಪ್ಪನ ಅಕ್ಕ ಇದ್ದಾರೆ, ನಮ್ಮ ಅತ್ತೆ. 80 ದಾಟಿದೆ, ನೆನಪು ಚುರುಕು. ಭಾನುವಾರ ಹೋಗಿ ಕೇಳ್ತೀನಿ.

ಸೊಪ್ಪಿನಬೆಟ್ಟ (ಸಿದ್ದಾಪುರ)

ಎಲ್ಲ ಹೇಳಿದ್ರಿ, ಮುಖ್ಯವಾದ್ದು ಯಾರೂ ಹೇಳಿಲ್ಲ ಅಂತ ನಾನು ಬರೀತಿದ್ದೇನೆ. ಈ ಕೋವಿಯಲ್ಲಿ ಒಂದು ಈಡೂ ಹೊಡೆಯಬೇಡಿ. ಮಂಗ ಓಡಿಸೋಕೂ ಬೇಡ, ಹಬ್ಬದ ದಿನ ಗಾಳಿಯಲ್ಲಿ ಒಂದು ಹೊಡೆಯೋದೂ ಬೇಡ.

ನಮ್ಮ ಸೋದರಮಾವನಿಗೆ ಬೆಳೆ ರಕ್ಷಣೆ ಲೈಸೆನ್ಸಿತ್ತು. ಕೋವಿ ಇಂಥದೇ, ಸುರುಳಿ ನಳಿಗೆಯದು. ಅವರಪ್ಪ ಮನೆಯಲ್ಲೇ ಕರಿಮದ್ದು ತುಂಬಿದ ತೋಟಾ ಹಾಕಿ ಹೊಡೀತಿದ್ದರಂತೆ, ಏನೂ ಆಗಿರಲಿಲ್ಲ. ಮಾವ ಅಂಗಡಿಯಿಂದ ಈಗಿನ ತೋಟಾ ತಂದ. ಅಡಕೆ ತೋಟಕ್ಕೆ ಹಂದಿ ಬಂದ ರಾತ್ರಿ ಹೆದರಿಸೋಕೆ ಅಂತ ಮೇಲಕ್ಕೆ ಹೊಡೆದ. ಎಡಗೈ ಹಿಡಿದ ಜಾಗಕ್ಕೆ ಸರಿಯಾಗಿ ನಳಿಗೆ ಬಾಳೆಕಾಯಿ ಸಿಪ್ಪೆ ಸುಲಿದ ಹಾಗೆ ಸೀಳಿತು. ಎರಡು ಬೆರಳು ಹೋಯ್ತು. ನಾನು ಹುಡುಗ, ಬ್ಯಾಟರಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವತ್ತಿನ ವಾಸನೆ ಇನ್ನೂ ಮೂಗಲ್ಲಿದೆ.

ನಳಿಗೆ ಮತ್ತು ಮರ (ಶಿರಸಿ)

ಸೊಪ್ಪಿನಬೆಟ್ಟದವರು ಹೇಳಿದ್ದು ಅಕ್ಷರಶಃ ಸತ್ಯ. ಕಾರಣ ಇದು: ಕರಿಮದ್ದು ಭಗ್ಗನೆ ಉರಿದು ಮುಗಿದುಹೋಗ್ತದೆ, ಒತ್ತಡವೂ ಕಡಿಮೆ. ಹೊಗೆಯಿಲ್ಲದ ಈಗಿನ ಮದ್ದು ಉರೀತಾ ಮುಂದೆ ಮುಂದೆ ಹೋಗ್ತದೆ, ನಳಿಗೆ ತೆಳುವಾಗೋ ಜಾಗದಲ್ಲೂ ಒತ್ತಡ ಬಿಡೋದಿಲ್ಲ. ತೆಳು ಅಂದರೆ ಎಡಗೈ ಇರೋ ಜಾಗವೇ. ಜೊತೆಗೆ ಹಳೇ ಕೋವಿಗಳ ತೋಟಾ ಮನೆ ಸಾಮಾನ್ಯವಾಗಿ 65 ಮಿಲಿಮೀಟರ್, ಈಗ ಹೆಚ್ಚು ಸಿಗೋದು 70 ಮಿಲಿಮೀಟರಿನ ತೋಟಾ. ಒಳಗೆ ಹೋಗ್ತದೆ, ಆದರೆ ಹೊಡೆದಾಗ ತೋಟಾದ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಇನ್ನೂ ಏರ್ತದೆ. ಹೊಸ ಮದ್ದಿಗೆ ಪರೀಕ್ಷೆಯಾದ ನಳಿಗೆಯ ಮೇಲೆ ನೈಟ್ರೋ ಪ್ರೂಫ್ ಮುದ್ರೆ ಇರ್ತದೆ. ನಿಮ್ಮದರಲ್ಲಿ ಇಲ್ಲ.

ನೂರಾ ಮೂವತ್ತು ವರ್ಷ ದಾಟಿದ ಬೆಸುಗೆಯ ಸಂದಿನಲ್ಲಿ ಒಳಗೊಳಗೇ ತುಕ್ಕು ಹಿಡಿದಿದ್ದರೆ ಹೊರಗಿಂದ ಕಾಣೋದೂ ಇಲ್ಲ. ಖಾಲಿ ಕೋವಿಯ ಕುದುರೆ ಎತ್ತಿ ಸುಮ್ಮನೆ ಟಕ್ ಅನ್ನಿಸೋದೂ ಬೇಡ, ಒಳಗಿನ ಕಡ್ಡಿ ಮುರೀತದೆ. ಮಕ್ಕಳಿಗೆ ಇದೇ ಆಟ ಇಷ್ಟ, ಎಚ್ಚರ.

ಒಂದು ಪರೀಕ್ಷೆ ಮಾತ್ರ ಮಾಡಬಹುದು. ಬಿಚ್ಚಿದ ನಳಿಗೆಯನ್ನ ಕೊಕ್ಕೆಯ ಜಾಗದಲ್ಲಿ ದಾರ ಕಟ್ಟಿ ಇಳಿಬಿಟ್ಟು, ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯ ಹಾಗೆ ನಾದ ಎಳೆದರೆ ಎರಡು ನಳಿಗೆ ಮತ್ತು ಪಟ್ಟಿ ಹಿಡಿದಿಟ್ಟ ಬೆಸುಗೆ ಗಟ್ಟಿ ಇದೆ ಅಂತ. ಒಡಕು ಮಡಕೆಯ ಸದ್ದು ಬಂದರೆ ಎಲ್ಲೋ ಬಿಟ್ಟಿದೆ. ನಾದ ಬಂತು ಅಂತ ಹೊಡೆಯೋಕೆ ಹೋಗಬೇಡಿ ಮತ್ತೆ.

ಕುಮಟೆಯ ವಕೀಲ

ಕಾನೂನಿನ ಭಾಗ ನಾನು ಹೇಳ್ತೇನೆ. ತಮ್ಮನವರಿಗೂ ಓದಿಸಿ.

ಹಳೇದು, ಗೋಡೆಗೆ ಹಾಕೋದು, ಆದ್ದರಿಂದ ಲೈಸೆನ್ಸ್ ಬೇಡ ಅನ್ನೋ ತಪ್ಪು ತಿಳಿವಳಿಕೆ ನಮ್ಮ ಜಿಲ್ಲೆಯಲ್ಲಿ ಬಹಳ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ವಿನಾಯಿತಿ ಕೊಡೋದು, ರಿಪೇರಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಬಳಸಲಾಗದಂಥ ಹಳೆಯ ಆಯುಧಕ್ಕೆ. ನಿಮ್ಮದು ಕುದುರೆ ಎತ್ತಿದರೆ ಏಳ್ತದೆ, ತೋಟಾ ಹಾಕಿದರೆ ಸಿಡೀತದೆ. ಲೈಸೆನ್ಸ್ ಬೇಕೇ ಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರೋ ವಿನಾಯಿತಿ ನೋಡಿ ನಮಗೂ ಹಾಗೇ ಅಂದುಕೊಂಡವರನ್ನೂ ಕಂಡಿದ್ದೇನೆ. ಅದು ಅವರಿಗೆ ಮಾತ್ರ.

ತಂದೆಯವರು ಬದುಕಿರುವಾಗಲೇ ವರ್ಗಾಯಿಸೋ ದಾರಿ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಅವರು 25 ವರ್ಷ ಆ ಆಯುಧ ಇಟ್ಟುಕೊಂಡಿದ್ದರೆ, ಇವೆರಡರಲ್ಲಿ ಯಾವುದು ಮೊದಲೋ ಆಗ ತಾವು ಹೆಸರಿಸಿದ ವಾರಸುದಾರರಿಗೆ ಲೈಸೆನ್ಸ್ ಕೊಡಿಸಬಹುದು. ನಿಮಗೆ ವಯಸ್ಸಿನ ಲೆಕ್ಕದಲ್ಲೇ ಆಗ್ತದೆ. ಅರ್ಜಿ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ, ಪೊಲೀಸ್ ವಿಚಾರಣೆ ಆಗಿ ಬರ್ತದೆ. ತಮ್ಮನವರಿಂದ ತಕರಾರಿಲ್ಲ ಅಂತ ಅಫಿಡವಿಟ್ ಮೊದಲೇ ಮಾಡಿಸಿಟ್ಟುಕೊಳ್ಳಿ. ಲೈಸೆನ್ಸಿಗೆ ಯುಐಎನ್, ಅಂದರೆ ವಿಶಿಷ್ಟ ಗುರುತಿನ ಸಂಖ್ಯೆ, ಬಂದಿದೆಯಾ ನೋಡಿ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡೇ ಆಯುಧ ಇರಬಹುದು, ವಂಶಪಾರಂಪರ್ಯದ್ದೂ ಅದೇ ಲೆಕ್ಕಕ್ಕೆ ಸೇರ್ತದೆ. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷ ಆಗಿದೆ.

ಒಂದು ವೇಳೆ ಲೈಸೆನ್ಸುದಾರರು ತೀರಿಹೋದರೆ ಕೋವಿ ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ. ತಕ್ಷಣ ಠಾಣೆಯಲ್ಲೋ ಲೈಸೆನ್ಸುದಾರ ಡೀಲರ್ ಬಳಿಯೋ ಜಮಾ ಮಾಡಿ ರಸೀದಿ ತಗೊಳ್ಳಿ, ಆಮೇಲೆ ಅರ್ಜಿ. ದುಃಖದ ಮನೆಯಲ್ಲಿ ಇದು ಯಾರಿಗೂ ನೆನಪಾಗೋದಿಲ್ಲ, ಹದಿಮೂರನೇ ದಿನ ಕಳೆದ ಮೇಲೆ ಪೊಲೀಸರು ಕೇಳಿದಾಗಲೇ ಗೊತ್ತಾಗೋದು.

ಮಾರೋದಾದರೆ ಅದಕ್ಕೂ ವಿಧಿ ಇದೆ, ಲೈಸೆನ್ಸ್ ಇದ್ದವರಿಗೇ ಮಾರಬೇಕು. ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾತನ ವಸ್ತು ಕಾಯ್ದೆಯ ಲೆಕ್ಕಕ್ಕೂ ಬರ್ತದೆ. ಹೊರದೇಶದ ಗಿರಾಕಿ ಹೆಚ್ಚು ಕೊಡ್ತಾನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಖಾಸಗಿಯವರು ಅಂಥದ್ದನ್ನ ಹೊರಗೆ ಕಳಿಸೋ ಹಾಗಿಲ್ಲ.

ಯಲ್ಲಾಪುರ ಘಟ್ಟ

ವೆಲ್ಡಿಂಗ್ ಮಾಡಿಸೋದರಲ್ಲಿ ತಪ್ಪೇನು? ನಮ್ಮ ದೊಡ್ಡಪ್ಪನ ಮನೆಯಲ್ಲಿ ಚುನಾವಣೆ ಬಂದಾಗಲೆಲ್ಲ ಕೋವಿ ಹೊತ್ತುಕೊಂಡು ಹೋಗಿ ಬರೋದೇ ಆಗಿತ್ತು. ಲೋಕಸಭೆ, ವಿಧಾನಸಭೆ, ಪಂಚಾಯಿತಿ. ಕೊನೆಗೆ ಬೇಸತ್ತು ಸರೆಂಡರ್ ಮಾಡಿದರು. ವಯಸ್ಸಾದವರಿಗೆ ಅದು ಹಿಂಸೆ. ತಮ್ಮನವರ ಮಾತಲ್ಲೂ ಅರ್ಥ ಇದೆ.

ನಳಿಗೆ ಮತ್ತು ಮರ (ಶಿರಸಿ)

ಹಿಂಸೆ ನಿಜ. ಆದರೆ ವೆಲ್ಡಿಂಗ್ ಶಾಖಕ್ಕೆ ಡಮಾಸ್ಕಸ್ ನಳಿಗೆಯ ಬೆಸುಗೆ ಕರಗಿ, ಬಣ್ಣ ಸುಟ್ಟು, ಸುರುಳಿ ಎಲ್ಲ ಕಪ್ಪಾಗ್ತದೆ. ಒಂದು ಸಲ ಮಾಡಿದರೆ ಮುಗೀತು, ವಾಪಸ್ ಇಲ್ಲ. ಅಷ್ಟು ಮಾಡಿಯೂ ಕಾನೂನಿನ ಕಣ್ಣಲ್ಲಿ ಅದು ಸತ್ತ ಕೋವಿ ಅಂತ ಒಪ್ಪಿಸೋದು ನಿಮ್ಮ ತಲೆಮೇಲೇ ಬೀಳ್ತದೆ, ಊರ ವೆಲ್ಡರ್ ಚೀಟಿ ಸಾಲೋದಿಲ್ಲ. ಸಾಕಲಾಗದಿದ್ದರೆ ಬೆಳಗಾವಿಯ ರೆಜಿಮೆಂಟಲ್ ಸೆಂಟರ್‌ಗೆ ಬರೆದು ಕೇಳಿ. ಪಲ್ಟನ್ನಿನ ಮನೆಗೇ ಹೋಗಲಿ. ಹಾಳುಮಾಡೋದಕ್ಕಿಂತ ಅದು ಎಷ್ಟೋ ಮೇಲು.

ಈಗ ತುಕ್ಕಿನ ವಿಷಯ. ಚುಕ್ಕೆಗಳ ಮೇಲೆ ಹೊಲಿಗೆ ಮಷೀನಿನ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಕೊಬ್ಬರಿ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗಿ ಧೂಳು ಹಿಡೀತದೆ. ಬೆಳಿಗ್ಗೆ ಹಳೇ ತಾಮ್ರದ ಪೈಸೆಯ ಅಂಚಿನಿಂದ ಮೆಲ್ಲಗೆ ಕೆರೆದರೆ ಕೆಂಪು ತುಕ್ಕು ಏಳ್ತದೆ, ತಾಮ್ರ ಮೆದುವಾದ್ದರಿಂದ ಉಕ್ಕಿಗೆ ಗೀರು ಬೀಳೋದಿಲ್ಲ. ಮೆತ್ತನೆ ಪಂಚೆ ಬಟ್ಟೆಯಿಂದ ಒರೆಸಿ, ಬೆರಳು ತಾಗಿಸದೆ ಇಡಿ. ಬೆವರಿನ ಉಪ್ಪು ಸಾಕು, ಆಷಾಢದಲ್ಲಿ ಒಂದು ಬೆರಳ ಗುರುತು ವಾರದಲ್ಲಿ ತುಕ್ಕಾಗ್ತದೆ. ನಿಮ್ಮಲ್ಲಿ ಕಡಲ ಗಾಳಿ ಬೇರೆ. ಚರ್ಮದ ಪೆಟ್ಟಿಗೆ ಇದ್ದರೆ ಕೋವಿಯನ್ನ ಅದರೊಳಗೆ ಇಡಬೇಡಿ, ಚರ್ಮ ತೇವ ಕುಡಿದು ಕಬ್ಬಿಣಕ್ಕೆ ಕೊಡ್ತದೆ.

ಕುಂಕುಮದ್ದೂ ಅದೇ ತೊಂದರೆ. ಒದ್ದೆ ಗಂಧ, ಕುಂಕುಮ ಗೆರೆಯಲ್ಲಿ ಕೂತು ತೇವ ಹಿಡಿದಿಡ್ತದೆ. ತೆಂಗಿನ ಗರಿಯ ಕಡ್ಡಿಯ ತುದಿ ಚೂಪು ಮಾಡಿ, ಎಣ್ಣೆಯಲ್ಲಿ ಅದ್ದಿ, ಗೆರೆಗುಂಟ ತೆಗೀಬೇಕು. ಸೂಜಿ ಬೇಡ.

ಅಂಕೋಲೆ ಅಳಿವೆ

ಪೂರ್ತಿ ತೆಗೀಲೇಬೇಕಾ ಮಾಮಾ? ಕೆತ್ತಿದವನ ಕೈ ಎಷ್ಟು ನಿಜವೋ, ವರ್ಷಾ ವರ್ಷ ಹಚ್ಚಿದ ಆ ಹೆಂಗಸರ ಬೆರಳೂ ಅಷ್ಟೇ ನಿಜ ಅಲ್ವಾ. ಕೋವಿಯ ಚರಿತ್ರೆಯಲ್ಲಿ ಸಾಹೇಬರ ಅಕ್ಷರ ಉಳೀತದೆ, ಅಜ್ಜಿಯರದ್ದು ಉಳಿಯೋದು ಆ ಕೆಂಪು ಮಾತ್ರ.

ನಳಿಗೆ ಮತ್ತು ಮರ (ಶಿರಸಿ)

ಇದನ್ನ ನಾನು ಯೋಚಿಸಿರಲಿಲ್ಲ ತಂಗಿ. ಕೆಳಗೆ ತುಕ್ಕಿಲ್ಲ ಅಂತ ಖಾತ್ರಿಯಾದ ಒಂದು ಜಾಗದಲ್ಲಿ ಚೂರು ಬಿಟ್ಟು, ಮೇಲೆ ತೆಳುವಾಗಿ ಎಣ್ಣೆ ಸವರಿದರೆ ಏನೂ ಆಗೋದಿಲ್ಲ. ಬಿಡಬಹುದು.

ಸದಾಶಿವಗಡದ ಮೊಮ್ಮಗ

ಮಾಜಾಳಿಗೆ ಹೋಗಿ ಬಂದೆ. ಎಲ್ಲಿಂದ ಶುರು ಮಾಡಲಿ.

ಅತ್ತೆ ಹೇಳಿದ ಮೊದಲ ಮಾತೇ, ‘ಕೂತ್ ಕಥೆ ನಿನ್ನ ಮುತ್ತಜ್ಜ ಯಾವತ್ತೂ ಹೇಳಿದವರಲ್ಲ.’ ಅವರು ಆ ಯುದ್ಧದ ವಿಷಯವನ್ನೇ ಎತ್ತುತ್ತಿರಲಿಲ್ಲವಂತೆ. ಊಟಕ್ಕೆ ಕೂತರೆ ತಾಟಿನಲ್ಲಿ ಒಂದಗುಳು ಬಿಡೋರಲ್ಲ, ಮಕ್ಕಳು ರೊಟ್ಟಿ ಚೂರು ಬಿಟ್ಟರೆ ಬೈಯೋರಲ್ಲ, ಸುಮ್ಮನೆ ಎತ್ತಿ ತಾವೇ ತಿನ್ನೋರು. ಕೇರಿಯ ಹುಡುಗರು ಕೂತ್ ಅಂತ, ಸಾಹೇಬ ಅಂತ, ಕೋವಿ ಅಂತ ಮೂರನ್ನೂ ಸೇರಿಸಿ ಹೆಣೆದದ್ದು ಆಮೇಲೆ.

ಆದರೆ ಕೋವಿ ಒರೆಸುವಾಗ ಒಂದು ಮಾತು ಹೇಳ್ತಿದ್ದರಂತೆ, ಪಲ್ಟನ್ನಿನ ಮರಾಠಿಯಲ್ಲಿ: ‘ಬಾಪ್-ಲೇಕಾಚಿ ಬಂದೂಕ್.’ ಅಪ್ಪ-ಮಗನ ಕೋವಿ. ಅದು ಮುತ್ತಜ್ಜ ಮತ್ತು ಅಜ್ಜನ ಬಗ್ಗೆ ಅಂತಲೇ ಮನೆಯವರೆಲ್ಲ ತಿಳಿದಿದ್ದರು.

ಅತ್ತೆಯ ಕಬ್ಬಿಣದ ಟ್ರಂಕಿನಲ್ಲಿ ಮುತ್ತಜ್ಜನ ಪೆನ್ಶನ್ ಪುಸ್ತಕ, ಅದರ ಜೊತೆ ಮಡಚಿದ ಹಳೇ ಲೈಸೆನ್ಸ್ ಸಿಕ್ಕಿತು. ಮಡಿಕೆಯಲ್ಲಿ ಹರಿದಿದೆ, ಶಾಯಿ ಕಂದಾಗಿದೆ. ಇಸವಿ 1934, ಊರು ಕಾರವಾರ. ಆಗ ನಮ್ಮ ಜಿಲ್ಲೆ ಬೊಂಬಾಯಿ ಪ್ರಾಂತ್ಯದಲ್ಲಿತ್ತಲ್ಲ, ಅದೇ ತಲೆಬರಹ. ಆಯುಧ ಎಲ್ಲಿಂದ ಬಂತು ಅನ್ನೋ ಕಡೆ, ಒಬ್ಬ ಲೆಫ್ಟಿನೆಂಟ್ ಕರ್ನಲ್ ಅವರಿಂದ ಕೊಡುಗೆ ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಹೆಸರು ಇಲ್ಲಿ ಬೇಡ, ಅವರ ಮನೆಯವರು ಎಲ್ಲೋ ಇದ್ದಾರು. ಅವರ ಮನೆತನದ ಹೆಸರಿನ ಮೊದಲಕ್ಷರವೂ ಬೆಳ್ಳಿ ಬಿಲ್ಲೆಯ ಮೂರನೇ ಅಕ್ಷರವೂ ಒಂದೇ. ಮೊದಲ ಎರಡು ಅಕ್ಷರ ಬೇರೆ.

ನಿವೃತ್ತ ಹವಾಲ್ದಾರ, ಹಳಿಯಾಳ

ಮೈ ಜುಂ ಅಂತು ನೋಡ್ರಿ.

ಲೆಕ್ಕಾ ಹಾಕ್ರಿ. 1934ಕ್ಕ ಲೆಫ್ಟಿನೆಂಟ್ ಕರ್ನಲ್ ಅಂದ್ರ ವಯಸ್ಸು ಐವತ್ತರ ಆಜೂಬಾಜು. ಹುಟ್ಟಿದ್ದು 1884ರ ಸುಮಾರು. ಬಂದೂಕು ಹುಟ್ಟಿದ್ದು 1875ರಿಂದ 1887ರ ನಡುವ. ತೊಟ್ಟಿಲಾಗಿನ ಕೂಸು ಬಂದೂಕು ಕೊಂಡಿರೂದಿಲ್ಲ. ಕೊಂಡಾಂವ ಅವರಪ್ಪ. ಆರ್ಮಿ ಅಂಡ್ ನೇವಿ ಸಂಘದ ಅಂಗಡ್ಯಾಗ ಕೊಂಡಾನ ಅಂದ್ರ ಅವನೂ ಫೌಜಿನಾಂವ ಇರಬೇಕು. ಬಿಲ್ಲಿ ಮ್ಯಾಲಿನ ಅಕ್ಷರ ಅಪ್ಪಂದು. ಅಪ್ಪ ಮಗಗ ಕೊಟ್ಟ, ಮಗ ನಿಮ್ಮ ಸುಬೇದಾರ್ ಸಾಹೇಬ್ರಿಗೆ ಕೊಟ್ಟ. ಬಾಪ್-ಲೇಕಾಚಿ ಬಂದೂಕ್! ನಿಮ್ಮ ಮುತ್ತಜ್ಜಾರು ಖರೇನ ಹೇಳಿದ್ರು, ನಿಮಗ ತಿಳದಿರಲಿಲ್ಲ ಅಷ್ಟ.

110 ಪಲ್ಟನ್ 1922ರಾಗ ಐದನೇ ಮರಾಠಾ ರೆಜಿಮೆಂಟಿನ ಮೂರನೇ ಬಟಾಲಿಯನ್ ಆತು. ಸ್ವಾತಂತ್ರ್ಯದ ನಂತರ 1952ರಾಗ ಅದೇ ಬಟಾಲಿಯನ್ 2 ಪ್ಯಾರಾ, ಅಂದ್ರ ಪ್ಯಾರಾಶೂಟ್ ರೆಜಿಮೆಂಟಿನ ಎರಡನೇ ಬಟಾಲಿಯನ್, ಆತು. ನಿಮ್ಮ ಮುತ್ತಜ್ಜಾರ ಪಲ್ಟನ್ ಇವತ್ತಿಗೂ ಜೀವಂತ ಐತ್ರಿ.

ಕಾರವಾರದವರು ನೀವು. ಚೆಂಡಿಯಾದ ಮೇಜರ್ ರಾಮ ರಾಘೋಬಾ ರಾಣೆ ಅವರ ಊರಿನ ಮಂದಿ. 1948ರ ಏಪ್ರಿಲ್‌ನ್ಯಾಗ ನೌಶೇರಾ-ರಜೌರಿ ರಸ್ತೆ ಮ್ಯಾಲೆ ಗಾಯ ಆದ್ರೂ ಬಿಡದ ಮೈನ್ ತಗದು ಟ್ಯಾಂಕಿಗೆ ದಾರಿ ಮಾಡಿಕೊಟ್ಟಾಂವ. ಜೀವಂತ ಇದ್ದಾಗ ಪರಮವೀರ ಚಕ್ರ ಪಡದ ಮೊದಲಿಗ. ಕಾರವಾರದ ಕಡಲ ದಂಡಿ ಮ್ಯಾಲಿನ ಚಾಪಲ್ ಯುದ್ಧಹಡಗಿನ ಬಾಜೂಕ ಅವರ ಮೂರ್ತಿ ಐತಿ. ಅವರ ಹೆಸರು ಎಲ್ಲಾರಿಗೂ ಗೊತ್ತು. ನಿಮ್ಮ ಮುತ್ತಜ್ಜಾರಂಥ ಸುಬೇದಾರ್‌ಗಳದ್ದು ಮನಿ ಟ್ರಂಕಿನ್ಯಾಗ ಕೊಳೀತೈತಿ. ಆ ಲೈಸೆನ್ಸಿನ ಫೋಟೋ, ಪೆನ್ಶನ್ ಪುಸ್ತಕದ ಫೋಟೋ ಎರಡೂ ತಗದು ಮೂರು ಕಡೆ ಇಡ್ರಿ. ಕಾಗದ ಇಲ್ಲದ ಬಂದೂಕು ಬರೇ ಕಬ್ಬಿಣ್ರಿ.

ಕುಮಟೆಯ ವಕೀಲ

ಆ 1934ರ ಲೈಸೆನ್ಸಿನ ನಕಲನ್ನ ನಿಮ್ಮ ಅರ್ಜಿಗೂ ಲಗತ್ತಿಸಿ. ನಾಲ್ಕು ತಲೆಮಾರು ಒಂದೇ ಮನೆಯಲ್ಲಿ, ಒಂದು ದೂರಿಲ್ಲದೆ ಇದ್ದ ಆಯುಧ ಅಂತ ತೋರಿಸೋಕೆ ಅದಕ್ಕಿಂತ ಒಳ್ಳೆ ಕಾಗದ ಇಲ್ಲ. ಮೂಲ ಪ್ರತಿ ಯಾರ ಕೈಗೂ ಬಿಟ್ಟುಕೊಡಬೇಡಿ.

ಸದಾಶಿವಗಡದ ಮೊಮ್ಮಗ

ಅರ್ಜಿ ಕೊಟ್ಟಾಯ್ತು. ತಮ್ಮನಿಗೆ ಈ ಚರ್ಚೆಯೆಲ್ಲ ಕಳಿಸಿದ್ದೆ. ಶನಿವಾರ ರಾತ್ರಿ ಬಸ್ಸಿಗೆ ಬಂದ, ಅಫಿಡವಿಟ್‌ಗೆ ಸಹಿ ಹಾಕಿದ. ಮಾರೋ ಮಾತು ಎತ್ತಲಿಲ್ಲ. ಲೈಸೆನ್ಸಿನ ಫೋಟೋ ತೆಗೆದವನೂ ಅವನೇ, ನನ್ನ ಮೊಬೈಲಿಗಿಂತ ಅವನದು ಒಳ್ಳೇದು.

ನಳಿಗೆಯನ್ನ ದಾರ ಕಟ್ಟಿ ಇಳಿಬಿಟ್ಟು ತಟ್ಟಿದ್ವಿ. ನಾದ ಬಂತು. ಅಪ್ಪ ಇನ್ನೊಂದು ಸಲ ತಟ್ಟು ಅಂದರು. ತುಕ್ಕಿನ ಮೂರು ಚುಕ್ಕೆಯಲ್ಲಿ ಎರಡು ಪೂರ್ತಿ ಹೋಗಿವೆ, ಮೂರನೆಯದರಲ್ಲಿ ಸಣ್ಣ ಕುಳಿ ಉಳಿದಿದೆ. ಅದನ್ನ ಇನ್ನು ಕೆದಕೋದಿಲ್ಲ.

ಕುಂಕುಮ ತೆಗೆದದ್ದು ನನ್ನ ಹೆಂಡತಿ ಮತ್ತು ಮಗಳು, ತೆಂಗಿನ ಕಡ್ಡಿ ಹಿಡಿದು ಎರಡು ಸಂಜೆ ಕೂತರು. ಎಡಗಡೆ ತಟ್ಟೆಯಲ್ಲಿ ಹಿಂದಿನ ಹಕ್ಕಿಯ ಕಣ್ಣಲ್ಲಿ ಮಾತ್ರ ಹಾಗೇ ಬಿಟ್ಟಿದ್ದಾರೆ. ಈ ಸಲ ಆಯುಧ ಪೂಜೆಗೆ ಕುಂಕುಮ ಮರದ ಪೀಠಕ್ಕೆ ಹಚ್ಚೋದು ಅಂತ ತೀರ್ಮಾನ. ಅತ್ತೆಯೂ ಒಪ್ಪಿದ್ದಾರೆ.

ಗ್ಲಾಸ್ಗೋಗೆ ನಂಬರು ಬರೆದು ಪತ್ರ ಕಳಿಸಿದ್ದೇನೆ. ಉತ್ತರ ಬಂದ ದಿನ ಇಲ್ಲೇ ಹಾಕ್ತೀನಿ.